ದವನದ ಎಣ್ಣೆಯ ಜಗಳ

ಅತ್ತರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು ಎಂದ ಕೂಡಲೇ ಎದುರಿಗಿದ್ದವರ ಮುಖ ಅರಳುತ್ತದೆ. "ಪುಣ್ಯಾ ಮಾಡಿದ್ರಿ ಬಿಡ್ರಿ, ದಿನಾ ಹೂವಿನ ವಾಸನ್ಯಾಗ ಇದ್ರಿ" ಅನ್ನುತ್ತಾರೆ. ಅಂಥವರನ್ನು ಭಟ್ಟಿ ಇಳಿಸಿ ಮುಗಿದ ಮೇಲೆ ಹಂಡೆಯ ಮುಚ್ಚಳ ತೆಗೆಯುವ ಹೊತ್ತಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಎಣ್ಣೆಯನ್ನೆಲ್ಲ ಬಿಟ್ಟುಕೊಟ್ಟ ಸೊಪ್ಪು ಬೆಂದು, ಹಳಸಿದ ಪಲ್ಯದ ಹಾಗೆ ನಾರುತ್ತದೆ. ಆ ನಾತ ಸೀರೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಬುತ್ತಿಯ ಡಬ್ಬಿಗೂ ಹತ್ತುತ್ತದೆ. ಸಂಜೆ ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇರೆ ಸೀಟು ಹುಡುಕುತ್ತಿದ್ದರು. ಸುಗಂಧದ ಉದ್ಯೋಗ ಎಂದರೆ ಮೊದಲು ಇದು. ಈಗ ಹೊಸದಾಗಿ ಸೇರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಅವರಿಗೆ ಹೇಳಿಕೊಡುವುದು ಒಂದೇ ಶಬ್ದ: ನ್ಯಾಚುರಲ್. ನೈಸರ್ಗಿಕ. ಡಬ್ಬಿಯ ಮೇಲೆ, ಅಂಗಡಿಯ ಫಲಕದ ಮೇಲೆ, ಮಾರುವವರ ಬಾಯಲ್ಲಿ ಅದೇ. ಆ ಶಬ್ದ ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಸುದ್ದಿ ಇದರಲ್ಲಿ ಇಲ್ಲ. ಸಿಕ್ಕಿದ್ದರೆ ತಾನೆ ಬರೆಯುವುದು.

ನಮ್ಮ ಕಾರ್ಖಾನೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಇತ್ತು. ಮಾಲೀಕರನ್ನು ನಾವೆಲ್ಲ ಸಾವಕಾರ್ರು ಅನ್ನುತ್ತಿದ್ದೆವು. ಅವರ ಹಿರಿಯರು ಅರಳೆ ವ್ಯಾಪಾರದವರು. ಅರಳೆಯ ವ್ಯಾಪಾರ ಇಳಿದ ಮೇಲೆ ಸಾವಕಾರ್ರು ತಮ್ಮ ಒಂದು ಗೋದಾಮನ್ನು ಖಾಲಿ ಮಾಡಿಸಿ ಅತ್ತರು, ಊದಿನಕಡ್ಡಿ ಮತ್ತು ಕೊಲೋನ್ ಮಾಡಲು ಶುರು ಮಾಡಿದ್ದರು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ, ಮಾಸ್ತರಿಕೆ ಸಿಗದೆ ಮನೆಯಲ್ಲಿ ಕುಳಿತಿದ್ದೆ. ಬರುವ ಎಣ್ಣೆ ಶುದ್ಧವೋ ಅಲ್ಲವೋ ನೋಡುವುದಕ್ಕೆ ಒಬ್ಬರು ಬೇಕು ಎಂದರು. ಹೋದೆ.

ನನ್ನ ಮೇಲಿನ ಅಧಿಕಾರಿ ಅತ್ತಾರ ಸಾಹೇಬರು. ಕಾರ್ಖಾನೆಯ ಎಲ್ಲ ವಾಸನೆಗಳೂ ಅವರ ಕೈಯಲ್ಲಿ ಹುಟ್ಟುತ್ತಿದ್ದವು. ಹಳೇ ಹುಬ್ಬಳ್ಳಿಯವರು, ತಲೆತಲಾಂತರದಿಂದ ಅತ್ತರು ಮಾಡುವ ಮನೆತನ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮತ್ತು ಗರ್ವ. ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಬಾಯಿ, ನೀವು ಮಲ್ಲಿಗಿ ಮುಡ್ಕೊಂಡು ಬಂದ್ರ ನನ್ನ ಮೂಗು ಸಂಜೀತನಾ ನಿಮ್ಮ ಮಲ್ಲಿಗೀನ ಮೂಸತೈತಿ. ನಾಳಿಂದ ಹೂವು ಬ್ಯಾಡ. ವಾಸನಿ ಎಣ್ಣಿ ಬ್ಯಾಡ. ಮಧ್ಯಾಹ್ನ ಊಟಕ್ಕ ಉಳ್ಳಾಗಡ್ಡಿ ಬ್ಯಾಡ."

ಹೀಗೆ ಹೇಳುವಾಗ ಅವರ ಬಾಯಲ್ಲಿ ಎಲೆ ಅಡಿಕೆ, ತಂಬಾಕು ತುಂಬಿತ್ತು. ಅದನ್ನು ಕೇಳುವ ಧೈರ್ಯ ನನಗೆ ಬರಲು ಬಹಳ ವರ್ಷ ಬೇಕಾಯಿತು. ಮನೆಯಲ್ಲಿ ಅತ್ತೆಯವರು, "ಮುತ್ತೈದಿ ಹೆಣ್ಣುಮಗಳು ಬೋಳು ತಲೀಲೆ ಕೆಲಸಕ್ಕ ಹೋಗೂದಂದ್ರ ಏನು, ಮಂದಿ ಏನಂತಾರ" ಎಂದು ದಿನಾ ಬೆಳಿಗ್ಗೆ ಒಂದು ಸುತ್ತು ಮಾತಾಡುತ್ತಿದ್ದರು. ಆ ಕಡೆ ಸಾಹೇಬರು, ಈ ಕಡೆ ಅತ್ತೆ. ಎರಡೂ ಕಡೆ ನನ್ನ ತಲೆಯೇ ವಿಷಯ, ಅದರೊಳಗೆ ಇದ್ದದ್ದನ್ನು ಯಾರೂ ಕೇಳಲಿಲ್ಲ.

ಆದರೂ ಸಾಹೇಬರ ಕೆಲಸ ನೋಡುವಂಥದಿತ್ತು. ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಸಣ್ಣ ಉರಿ ಹಚ್ಚುತ್ತಿದ್ದರು. ಹಂಡೆಯಿಂದ ಒಂದು ಬಿದಿರಿನ ಕೊಳವೆ ಇನ್ನೊಂದು ಪಾತ್ರೆಗೆ ಇಳಿಯುತ್ತಿತ್ತು. ಆ ಪಾತ್ರೆಯಲ್ಲಿ ಗಂಧದ ಎಣ್ಣೆ. ಹೂವಿನ ಆವಿ ಹೋಗಿ ಗಂಧದ ಎಣ್ಣೆಯಲ್ಲಿ ಕೂಡುತ್ತಿತ್ತು. ಅದೇ ಅತ್ತರು. ಉರಿ ಹೆಚ್ಚಾದರೆ ಹೂವು ಸೀಯುತ್ತದೆ, ಕಡಿಮೆಯಾದರೆ ಆವಿ ಏಳುವುದಿಲ್ಲ. ಸಾಹೇಬರು ಪಾತ್ರೆಯ ಮೈಗೆ ಅಂಗೈ ಇಟ್ಟು ಉರಿ ತಗ್ಗಿಸಲು ಹೇಳುತ್ತಿದ್ದರು. ಕೊಲೋನಿನ ರೀತಿಯೇ ಬೇರೆ. ಅದು ಯುರೋಪಿನ ಒಂದು ಊರಿನ ಹೆಸರು ಹೊತ್ತು ಬಂದದ್ದು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ನೀರು ಬೆರೆಸಿ, ತಂಪಿನಲ್ಲಿ ದಿನಗಟ್ಟಲೆ ಸುಮ್ಮನೆ ಇಟ್ಟು ಸೋಸಬೇಕು. ಸಾಹೇಬರು ಅದಕ್ಕೆ ನಮ್ಮ ದವನದ ಎಣ್ಣೆ ಸೇರಿಸಿದ್ದರು. ದವನ ಅಂದರೆ ದೇವರಿಗೆ ಏರಿಸುವ ಮಾಲೆಯಲ್ಲಿ ಕಟ್ಟುವ ಅದೇ ಬೂದು ಹಸಿರು ಎಲೆ. ಅದರ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ವಾಸನೆ ಕೊಡುತ್ತದೆ. ನಮ್ಮ ದವನದ ಕೊಲೋನಿಗೆ ಬೆಳಗಾವಿಯಿಂದ ಬಳ್ಳಾರಿಯವರೆಗೆ ಗಿರಾಕಿಗಳಿದ್ದರು.

ಒಂದು ದೀಪಾವಳಿಗೆ ಸಾವಕಾರ್ರು ಅವಸರ ಮಾಡಿದರು. ತಂಪಿನಲ್ಲಿ ಇಡುವ ದಿನಗಳನ್ನು ಬಿಟ್ಟು ಕೊಲೋನ್ ತುಂಬಿಸಿ ಅಂಗಡಿಗಳಿಗೆ ಕಳಿಸಿದರು. ನಾನು ಬೇಡ ಅಂದೆ, ಸಾಹೇಬರೂ ಬೇಡ ಅಂದರು. ಚಳಿ ಬಿದ್ದ ವಾರವೇ ಬಾಟಲಿಗಳೆಲ್ಲ ಮಜ್ಜಿಗೆಯಂತೆ ಬೆಳ್ಳಗೆ ಕಲಕಿ ಮರಳಿ ಬಂದವು. ಸಾವಕಾರ್ರು ಎಲ್ಲರ ಎದುರಿಗೆ, "ಇಷ್ಟು ಓದಿದಾಕಿ ನೀವಿದ್ದು ಹೀಂಗಾಗಬೇಕೇನ್ರಿ" ಅಂದರು. ಸಾಹೇಬರ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರೂ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ. ತಂಬಾಕು ಉಗುಳಲು ಹೊರಗೆ ಹೋದರು. ಹೊಸಬರೇ, ಇದನ್ನು ನೆನಪಿಡಿ. ಕೆಲಸ ಕೆಟ್ಟಾಗ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಕಡಿಮೆ ದನಿಯವರು ಯಾರು ಎಂದು ಮೊದಲು ಹುಡುಕುತ್ತಾರೆ.

ಆಮೇಲೆ ಗಂಧದ ಎಣ್ಣೆ ದುಬಾರಿಯಾಯಿತು, ಸಿಗುವುದೂ ಕಷ್ಟವಾಯಿತು. ಒಂದು ದಿನ ಅತ್ತರಿನ ಶೆಡ್ಡಿಗೆ ಹೊಸ ಡ್ರಮ್ಮುಗಳು ಬಂದವು. ವಾಸನೆ ಇಲ್ಲದ, ಬಣ್ಣ ಇಲ್ಲದ, ಎಣ್ಣೆಯಂಥ ದ್ರವ. ನಾನು ಪರೀಕ್ಷೆ ಮಾಡಿ ನೋಡಿದೆ. ಪ್ಲಾಸ್ಟಿಕ್ ಮೆತ್ತಗಾಗಲಿ ಎಂದು ಬೆರೆಸುವ ವಸ್ತು ಅದು. ಇನ್ನು ಮುಂದೆ ಗಂಧದ ಎಣ್ಣೆಯ ಜಾಗದಲ್ಲಿ ಅದು. ಜನ ಅದನ್ನು ಕಿವಿಯ ಹಿಂದೆ ಹಚ್ಚಿಕೊಳ್ಳುತ್ತಾರೆ, ಕೂಸುಗಳ ಅಂಗಿಗೆ ಒರೆಸುತ್ತಾರೆ. ನಾನು ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಶೆಡ್ಡಿಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದರು.

"ಗಂಧಾ ಕೊಡ್ರಿ ಅಂತ ಕೇಳಿ ಕೇಳಿ ಸಾಕಾತು ಬಾಯಿ. ಅತ್ತರ ಬಂದ್ ಮಾಡು ಅಂದ್ರ ಬಂದ್ ಮಾಡ್ತೀನಿ. ಬಂದ್ ಮಾಡಬ್ಯಾಡ ಅಂತಾರ, ಇದರಾಗ ಮಾಡು ಅಂತಾರ."

"ಡಬ್ಬಿ ಮ್ಯಾಲೆ ಗಂಧದ ಎಣ್ಣಿ ಅಂತನ ಬರದದ ಅಲ್ರಿ."

"ಬರಿಯೂದು ನನ್ನ ಕೆಲಸಲ್ಲ" ಅಂದು ಹೋದರು. ಬರೆಯುವುದು ನನ್ನ ಕೆಲಸವೂ ಆಗಿರಲಿಲ್ಲ. ಆ ಕಾರ್ಖಾನೆಯಲ್ಲಿ ಬರೆಯುವುದು ಯಾರ ಕೆಲಸ ಎಂದು ಕೊನೆಯವರೆಗೂ ಯಾರೂ ಒಪ್ಪಿಕೊಳ್ಳಲಿಲ್ಲ.

ನೀಲಮ್ಮ ಗೌಡಸಾನಿಯವರು ನಮ್ಮ ಬಾಗಿಲಿಗೆ ಬಂದದ್ದು ಇದಾದ ಮೇಲೆ. ಧಾರವಾಡದ ಹತ್ತಿರದ ಗರಗದ ಆಚೆ ಅವರದು ದೊಡ್ಡ ಹೊಲಮನೆ. ಗಂಡ ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ತಾವೇ ನಡೆಸುತ್ತಿದ್ದರು. ಜೀಪು ತಾವೇ ಓಡಿಸುತ್ತಿದ್ದರು. ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಜೋಳ, ಕಡಲೆ. ಕೆಂಪು ಮಣ್ಣಿನ ದಿಬ್ಬದ ಮೇಲೆ ದವನ ಹಾಕಿ, ಉಗಿಯಿಂದ ಎಣ್ಣೆ ತೆಗೆಯುವ ಭಟ್ಟಿಯನ್ನೂ ಕಟ್ಟಿಸಿದ್ದರು. ಅವರನ್ನು ನೋಡಿ ಊರಿನ ಇನ್ನೂ ಕೆಲವರು ದವನ ಹಾಕಿದ್ದರು. ಎಲ್ಲರದೂ ಇವರ ಭಟ್ಟಿಗೇ ಬರುತ್ತಿತ್ತು.

ಎಣ್ಣೆಯ ಕ್ಯಾನು ಮೇಜಿನ ಮೇಲೆ ಇಟ್ಟು, "ತಂಗಿ, ಏನೇನು ಪರೀಕ್ಷಾ ಮಾಡತಿ ಎಲ್ಲಾ ಮಾಡು. ನನ್ನ ಎದುರಿಗೆ ಮಾಡು. ನಾ ಕುಂದ್ರತೀನಿ" ಅಂದರು. ಕುಳಿತೇ ಕುಳಿತರು. ಮಧ್ಯೆ ಮಧ್ಯೆ ಇದೇನು, ಅದೇನು ಎಂದು ಕೇಳಿದರು. ನನಗೆ ತಿಳಿದ ಎಲ್ಲ ಪರೀಕ್ಷೆಯಲ್ಲೂ ಅವರ ಎಣ್ಣೆ ಅಪ್ಪಟವಾಗಿತ್ತು. ನಾಲ್ಕಾರು ಸುಗ್ಗಿ ಅವರ ಎಣ್ಣೆಯನ್ನೇ ಕೊಂಡೆವು. ನಮ್ಮಿಬ್ಬರಿಗೂ ಸ್ನೇಹ ಬೆಳೆಯಿತು. ಬರುವಾಗ ನನಗೆ ಅಂತ ಒಂದು ಕಟ್ಟು ಹಸಿ ದವನ ತರುತ್ತಿದ್ದರು. ಮುಡಿದುಕೊಳ್ಳುವ ಹಾಗಿಲ್ಲ ಅಂದರೆ, "ಮನಿಗೆ ಒಯ್ದು ಮುಡ್ಕೊ, ಆ ಸಾಬ ಏನು ನಿನ್ನ ಮನೀಗೂ ಬರ್ತಾನೇನು" ಅನ್ನುತ್ತಿದ್ದರು.

ಆಮೇಲೆ ಯಂತ್ರ ಬಂತು. ಎಣ್ಣೆಯ ಒಂದು ಹನಿ ಒಳಗೆ ಹಾಕಿದರೆ ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂದು ಕಾಗದದ ಮೇಲೆ ಗುಡ್ಡದ ಸಾಲಿನ ಹಾಗೆ ಗೆರೆ ಎಳೆದು ತೋರಿಸುವ ಯಂತ್ರ. ಸಾವಕಾರ್ರ ಮಗ ಮಹಾಂತೇಶ ಪುಣೆಯಲ್ಲಿ ವ್ಯಾಪಾರದ ಓದು ಮುಗಿಸಿ ಬಂದು ಅದನ್ನು ತರಿಸಿದ. ನನಗೆ ಬಹಳ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಯಂತ್ರದ ಜತೆಗೇ ಮುಂಬೈಯ ಒಬ್ಬ ದೊಡ್ಡ ವ್ಯಾಪಾರಿಯೂ ಬಂದ. ಅವನು ನಮ್ಮಿಂದ ದವನದ ಎಣ್ಣೆ ತೆಗೆದುಕೊಂಡು ಹೊರದೇಶಕ್ಕೆ ಕಳಿಸುವವನು. "ಶುದ್ಧ ನೈಸರ್ಗಿಕ ದವನದ ಎಣ್ಣೆ ಹೀಗಿರಬೇಕು" ಎಂದು ಒಂದು ಮಾದರಿ ಬಾಟಲಿ ಕಳಿಸಿದ. ನಾವು ಕಳಿಸುವ ಎಣ್ಣೆಯ ಗೆರೆ ಅದರ ಗೆರೆಗೆ ಕೂಡಬೇಕು. ಕೂಡದಿದ್ದರೆ ವಾಪಸ್ಸು.

ಗೌಡಸಾನಿಯವರ ಎಣ್ಣೆ ವಾಪಸ್ಸು ಬಂತು.

ಮಾದರಿಯಲ್ಲಿ ಒಂದು ಕಡೆ ಎತ್ತರದ ಗುಡ್ಡವಿತ್ತು. ಗೌಡಸಾನಿಯವರ ಎಣ್ಣೆಯಲ್ಲಿ ಅದೇ ಜಾಗದಲ್ಲಿ ಇರುವೆ ಹುತ್ತದಷ್ಟು ಇತ್ತು. ಮಹಾಂತೇಶ ಎರಡೂ ಕಾಗದ ಹಿಡಿದುಕೊಂಡು ಬಂದ. "ಮೇಡಂ, ಆ ಅಮ್ಮ ಏನೋ ಬೆರಸ್ಯಾಳ. ಕಲಬೆರಕಿ ಅಂತ ವರದಿ ಕೊಡ್ರಿ."

"ಬೆರಸಿದ್ರ ಹೆಚ್ಚಿಗಿ ಏನರೆ ಕಾಣಬೇಕಲ್ಲಪಾ. ಇಲ್ಲಿ ಕಡಿಮಿ ಕಾಣಸ್ತದ."

"ಮಾದರಿಗೆ ಕೂಡಾಂಗಿಲ್ಲ ಅಂದ್ಮ್ಯಾಲೆ ಮುಗೀತಲ್ರಿ."

ಸಾಹೇಬರನ್ನು ಕೇಳೋಣ ಅಂದೆ. ಕಾಗದದ ಎರಡು ಪಟ್ಟಿಗಳನ್ನು ಎರಡೂ ಎಣ್ಣೆಯಲ್ಲಿ ಅದ್ದಿ, ಯಾವುದು ಯಾವುದೆಂದು ಹೇಳದೆ ಅವರ ಕೈಗೆ ಕೊಟ್ಟೆವು. ಸಾಹೇಬರು ಎರಡನ್ನೂ ಮೂಸಿ, ಸ್ವಲ್ಪ ತಡೆದು ಮತ್ತೆ ಮೂಸಿ, ಒಂದನ್ನು ಮೇಜಿನ ಮೇಲೆ ಎಸೆದರು.

"ಇದು ಸಪ್ಪಗೈತಿ. ಹಸಿ ಸೊಪ್ಪು, ಕಹಿ. ಇದು ನೋಡ್ರಿ ದವನಾ, ಹಣ್ಣಿನಾಂಗ ತುಂಬೇತಿ" ಎಂದು ಇನ್ನೊಂದನ್ನು ಎತ್ತಿ ಹಿಡಿದರು.

ಎಸೆದದ್ದು ಗೌಡಸಾನಿಯವರದು. ಮಹಾಂತೇಶ ನನ್ನ ಮುಖ ನೋಡಿದ. ಮರುದಿನವೇ ಗರಗದ ಕಡೆಯ ಬೆಳೆಗಾರರಿಗೆಲ್ಲ ಸುದ್ದಿ ಹೋಯಿತು: ಗೌಡಸಾನಿ ಎಣ್ಣೆಯಲ್ಲಿ ಕಲಬೆರಕೆ, ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ. ಸುದ್ದಿ ಮುಟ್ಟಿಸಿದವರು ನಮ್ಮವರೇ. ಅವರ ಭಟ್ಟಿಗೆ ದವನ ಕೊಟ್ಟವರು ಅವರ ಅಂಗಳದಲ್ಲಿ ಬಂದು ನಿಂತು, "ನಮ್ಮ ಮಾಲಿನ್ಯಾಗ ಏನು ಹಾಕಿದ್ಯವ್ವಾ" ಎಂದು ಕೇಳಿದರಂತೆ. ಊರಿನಲ್ಲಿ ತಲೆಯೆತ್ತಿ ನಡೆದ ಹೆಣ್ಣುಮಗಳಿಗೆ ಆ ಮಾತು.

ನಾನು ಯಾರ ಅಪ್ಪಣೆಯನ್ನೂ ಕೇಳದೆ ರಜೆ ಹಾಕಿ ಅವರ ಹೊಲಕ್ಕೆ ಹೋದೆ. ಗೌಡಸಾನಿಯವರು ನನ್ನನ್ನು ಒಳಗೆ ಬಾ ಅನ್ನಲಿಲ್ಲ.

"ನಿನ್ನ ಎದುರಿಗೆ ಕುಂತು ಪರೀಕ್ಷಾ ಮಾಡಿಸಿದ್ದೆ. ಈಗ ನನ್ನ ಬೆನ್ನ ಹಿಂದ ಕಳ್ಳಿ ಅಂದ್ರಿ."

"ಗೌಡಸಾನಿಯವರ, ಅದಕ್ಕ ಬಂದೀನಿ. ಇವತ್ತು ನೀವು ಭಟ್ಟಿ ಹಚ್ಚ್ರಿ. ನಾ ಕೂಡ್ತೀನಿ. ಸೊಪ್ಪು ತುಂಬೂದರಿಂದ ಎಣ್ಣಿ ಬರೂತನಾ ಏಳೂದಿಲ್ಲ."

ಅವರು ಆಳುಗಳನ್ನು ಕರೆದರು. ನೆರಳಿನಲ್ಲಿ ಬಾಡಲು ಹಾಕಿದ್ದ ದವನವನ್ನು ನಾನೇ ಬಗ್ಗಿ ಮುಟ್ಟಿ ನೋಡಿದೆ. ನನ್ನೆದುರಿಗೇ ತುಂಬಿದರು, ಉಗಿ ಬಿಟ್ಟರು. ಇಳಿಹೊತ್ತಿಗೆ ನೀರಿನ ಮೇಲೆ ಕಂದು ಬಣ್ಣದ ದಪ್ಪ ಎಣ್ಣೆ ತೇಲಿ ಬಂತು. ನನ್ನ ಕೈಯಿಂದಲೇ ತೆಗೆದು ಸೀಸೆಗೆ ತುಂಬಿದೆ. ಮರುದಿನ ಯಂತ್ರಕ್ಕೆ ಹಾಕಿದೆ. ಆ ಎಣ್ಣೆಯೂ ಮಾದರಿಗೆ ಕೂಡಲಿಲ್ಲ. ಅದೇ ಜಾಗದಲ್ಲಿ ಅದೇ ಸಣ್ಣ ಹುತ್ತ.

ಅಂದರೆ ತಪ್ಪು ಮಾದರಿಯಲ್ಲಿತ್ತು. ಆ ಜಾಗದಲ್ಲಿ ಬರುವುದು ಯಾವ ವಸ್ತು ಎಂದು ಹುಡುಕಿದೆ. ಹಣ್ಣಿನ ಸಿಹಿ ವಾಸನೆ ಕೊಡುವ ಒಂದು ರಾಸಾಯನಿಕ ಅದು. ಕಾರ್ಖಾನೆಗಳಲ್ಲಿ ಡ್ರಮ್ಮುಗಟ್ಟಲೆ ತಯಾರಾಗುತ್ತದೆ, ಅಗ್ಗಕ್ಕೆ ಸಿಗುತ್ತದೆ. ದವನದಲ್ಲಿ ಅದು ಎಳ್ಳುಕಾಳಿನಷ್ಟು ಇರುತ್ತದೆ. ಆ ರಾಸಾಯನಿಕವನ್ನೇ ತರಿಸಿ ಯಂತ್ರಕ್ಕೆ ಹಾಕಿದರೆ ಗುಡ್ಡ ಅದೇ ಜಾಗದಲ್ಲಿ ಎದ್ದಿತು. ಶುದ್ಧ ನೈಸರ್ಗಿಕ ಎಂದು ಮುಂಬೈಯಿಂದ ಬಂದ ಬಾಟಲಿಯಲ್ಲಿ ಅದನ್ನು ಧಾರಾಳವಾಗಿ ಸುರಿದಿದ್ದರು. ಸುಳ್ಳನ್ನು ಅಳತೆಗೋಲು ಮಾಡಿಟ್ಟು, ಖರೆಯದನ್ನು ಅದರಿಂದ ಅಳೆದು, ಖರೆಯದು ಕಡಿಮೆ ಬಿತ್ತು ಅಂದಿದ್ದೆವು.

ಮೊದಲು ಸಾಹೇಬರಿಗೆ ತೋರಿಸಿದೆ. ಅವರು ಕಾಗದಗಳನ್ನು ನೋಡಲೂ ಇಲ್ಲ. "ನನ್ನ ಮೂಗಿಗಿಂತ ನಿಮ್ಮ ಪೆಟಿಗಿ ಶಾಣ್ಯಾ ಆತೇನು" ಅಂದರು. ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಅಂದು ನನಗೆ ಅವರ ಮೇಲೆ ಬಂದ ಸಿಟ್ಟು ಹೇಳತೀರದು. ಆಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಸಂಜೆ ಬಂದರು, ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಗೌಡಸಾನಿಯವರ ಭಟ್ಟಿಗೆ ಹೋಗಿ ಬಂದಿದ್ದರು. ಬಾಯಿಯಲ್ಲಿ ತಂಬಾಕು ಇರಲಿಲ್ಲ.

"ನಮ್ಮ ಅಬ್ಬಾ ತೆಗೀತಿದ್ದ ದವನದ ವಾಸನಿ ಇದ ಬಾಯಿ. ಬರೋಬ್ಬರಿ ಇದ. ನಾ ಮರ್ತಬಿಟ್ಟಿದ್ದೆ. ಪ್ಯಾಟ್ಯಾಗ ಸಿಗೂ ಎಣ್ಣಿ ಮೂಸಿ ಮೂಸಿ, ಅದ ಖರೇ ಅಂತ ಕುಂತಿದ್ದೆ." ಚಪ್ಪಲಿಯ ಮಣ್ಣು ಕೊಡವುತ್ತ, "ಆ ಅಮ್ಮನ ಎಣ್ಣಿ ಎಸದೆ" ಅಂದರು.

ಇಬ್ಬರೂ ಕೂಡಿ ಸಾವಕಾರ್ರ ಹತ್ತಿರ ಹೋದೆವು. ಅವರಿಗೆ ಆಗ ಮೈಯಲ್ಲಿ ಸುಖ ಇರಲಿಲ್ಲ. ಎಲ್ಲ ಕೇಳಿ, "ಖರೇ ಇದ್ದೀತು. ಆದ್ರ ಈಗ ಎಲ್ಲಾ ಮಹಾಂತೇಶ ನೋಡ್ತಾನ" ಅಂದರು. ಮಹಾಂತೇಶ ಕೂಡಿಸಿ ಚಹಾ ಕೊಟ್ಟು ಕೇಳಿದ. ನಾನು ಹೇಳಿದ್ದನ್ನು ಒಂದೂ ಅಲ್ಲಗಳೆಯಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು.

"ನೀವು ಹೇಳೂದು ಬರೋಬ್ಬರಿ ಐತ್ರಿ. ಹಂಗಂತ ಮುಂಬೈಯವ್ರಿಗೆ ನಿಮ್ಮ ಮಾದರಿನ ಸುಳ್ಳು ಅನ್ನಾಕ ಬರ್ತದೇನ್ರಿ? ಅವರಿಗೆ ಬೇಕಾದ್ದು ಆ ಗೆರಿ. ಅಮ್ಮನ ಎಣ್ಣೀನ ತಗೊಳ್ಳೂಣು. ಅದಕ್ಕ ಆ ಕೆಮಿಕಲ್ ಬೇಕಾದಷ್ಟು ಹಾಕ್ರಿ, ಗೆರಿ ಕೂಡತೈತಿ. ಎಲ್ಲಾರೂ ಖುಷಿ."

"ಹಾಕಿದ ಮ್ಯಾಲೆ ಶುದ್ಧ ನೈಸರ್ಗಿಕ ಅಂತ ಸರ್ಟಿಫಿಕೇಟ್ ಯಾರು ಕೊಡೂದು?"

"ನೀವ. ಯಂತ್ರಾನ ಪಾಸ್ ಅಂದ ಮ್ಯಾಲೆ ನಿಮಗೇನ್ರಿ ತ್ರಾಸು?"

"ಹಾಕಲಾರದ್ದನ್ನ ಕಲಬೆರಕಿ ಅಂದ್ರಿ. ಹಾಕಿದ್ದನ್ನ ಶುದ್ಧ ಅನ್ನು ಅಂತೀರಿ. ನಾ ಸಹಿ ಮಾಡೂದಿಲ್ಲ" ಎಂದು ಎದ್ದೆ.

ಸಾಹೇಬರು ಕುಳಿತಲ್ಲಿಂದಲೇ, "ನಾನೂ ಬೆರಸೂದಿಲ್ಲ" ಅಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಪರವಾಗಿ ಬಾಯಿ ತೆರೆದದ್ದು ಅದೇ ಮೊದಲು.

ಎರಡು ದಿನಕ್ಕೆ ಗೌಡಸಾನಿಯವರನ್ನು ಕರೆಸಿದರು. ಮಹಾಂತೇಶ ಬಾಗಿಲವರೆಗೆ ಬಂದು, "ಬರ್ರಿ ಅಮ್ಮಾರ, ತಪ್ಪು ತಿಳುವಳಿಕಿ ಆಗಿತ್ತು, ನಿಮ್ಮ ಎಣ್ಣಿ ಎಲ್ಲಾ ನಾವ ತಗೋತೀವಿ" ಅಂದ.

"ಊರಾಗ ನನ್ನ ಹೆಸರು ಕೆಡಿಸಿದ್ರಲ್ಲಾ, ಅದನ್ನ ಯಾವಾಗ ತಗೋತೀರಿ?"

"ಅದೆಲ್ಲಾ ಮರತಬಿಡ್ರಿ. ಈಗ ಎಣ್ಣಿ ತಗೊಂಡ್ರ ಎಲ್ಲಾ ಸರಿ ಆಗ್ತೈತಿ."

"ತಗೊಂಡು ಅದರಾಗ ಏನು ಹಾಕಾವ್ರು ಅದೀರಿ ಅನ್ನೂದು ಸಾಬ ಬಂದು ಹೇಳ್ಯಾನ. ಹಾಕಿದ ಮ್ಯಾಲೆ ಅದು ಕಲಬೆರಕೀನ. ನಾಳೆ ಯಾರರೆ ಹಿಡದ್ರ ಮತ್ತ ಗೌಡಸಾನಿ ಮಾಡಿದ್ಲು ಅಂತೀರಿ." ಮೂಲೆಯಲ್ಲಿದ್ದ ತಮ್ಮ ಕ್ಯಾನುಗಳನ್ನು ತೋರಿಸಿ, "ಅವನ್ನ ಜೀಪಿನ್ಯಾಗ ಇಡಸ್ರಿ" ಅಂದರು. ಯಾರೂ ಕದಲದಿದ್ದಾಗ ನಾನೂ ಸಾಹೇಬರೂ ಒಂದೊಂದಾಗಿ ಎತ್ತಿ ಇಟ್ಟೆವು. ಹೊರಡುವಾಗ ಅವರು ನನಗೆ, "ನಮ್ಮೂರಿಗೆ ಬಂದು ನಾಕು ಮಂದಿ ಮುಂದ ಇದನ್ನ ಹೇಳತೀಯೇನು?" ಎಂದು ಕೇಳಿದರು. ಆ ಭಾನುವಾರವೇ ಹೋದೆ. ಅವರ ಅಂಗಳದಲ್ಲಿ ಬೆಳೆಗಾರರನ್ನೆಲ್ಲ ಕೂಡಿಸಿ, ಯಂತ್ರ ತೋರಿಸಿದ್ದನ್ನು, ಮಾದರಿಯಲ್ಲಿದ್ದ ಸುಳ್ಳನ್ನು ಹೇಳಿದೆ. ಒಬ್ಬ ಮುದುಕರು ಎದ್ದು ಗೌಡಸಾನಿಯವರ ಮುಂದೆ ಕೈಮುಗಿದರು. ಅವರು ಮುಖ ತಿರುಗಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರಿಗೂ ಚಹಾ ಬಂತು.

ಇದರ ಫಲ ನನಗೆ ಸಿಕ್ಕಿತು. ನನ್ನನ್ನು ಪ್ರಯೋಗಶಾಲೆಯಿಂದ ತೆಗೆದು ಊದಿನಕಡ್ಡಿಯ ವಿಭಾಗಕ್ಕೆ ಹಾಕಿದರು. ಅಲ್ಲಿ ಕಡ್ಡಿಗಳ ಕಟ್ಟು ಒದ್ದೆಯೋ ಒಣಗಿದೆಯೋ ನೋಡುವುದು ಕೆಲಸ. ನಿವೃತ್ತಿಯವರೆಗೂ ಅದನ್ನೇ ಮಾಡಿದೆ. ಸಾಹೇಬರು ಕೆಲಸ ಬಿಟ್ಟರು. ನನ್ನ ಜಾಗಕ್ಕೆ ಬಂದ ಹುಡುಗ ಒಳ್ಳೆಯವನು, ಹೇಳಿದಲ್ಲಿ ಸಹಿ ಮಾಡುತ್ತಿದ್ದ. ಮುಂಬೈಗೆ ಹೋದ ಎಣ್ಣೆ ಮುಂದೆ ಒಮ್ಮೆಯೂ ವಾಪಸ್ಸು ಬರಲಿಲ್ಲ.

ಬಿಟ್ಟು ಬಂದ ಮೇಲೆ ಮರೆಯಬಹುದಿತ್ತು, ಅವರೇ ಬಿಡಲಿಲ್ಲ. ಹೋದ ವರ್ಷ ಮಹಾಂತೇಶ ಫೋನ್ ಮಾಡಿದ. ಕಂಪನಿಯ ಹಳೆಯ ದವನದ ಕೊಲೋನನ್ನು ಹೊಸ ಡಬ್ಬಿಯಲ್ಲಿ ತರುತ್ತಿದ್ದಾರಂತೆ, ಅದರ ಮೇಲೆ ನನ್ನ ಫೋಟೋ ಬೇಕಂತೆ. "ಹೆಸರು ಹಾಕೂದಿಲ್ರಿ ಮೇಡಂ, ಬರೇ ಫೋಟೋ. ನಮ್ಮ ಮನಿ ಅಜ್ಜಿ ಕೈಯಿಂದ ಅಂತ ಇರ್ತೈತಿ." ನಾನು ಅದರಲ್ಲಿ ದವನದ ಎಣ್ಣೆ ಎಷ್ಟಿದೆ ಎಂದು ಕೇಳಿದೆ. ಅವನು ನಕ್ಕು, ಈಗ ಯಾರು ಹಾಕ್ತಾರ್ರಿ ಅಂದ. ಫೋನ್ ಇಟ್ಟೆ.

ಕೆಲವು ತಿಂಗಳಿಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಅಂಗಡಿಯಲ್ಲಿ ಆ ಡಬ್ಬಿ ಕಂಡೆ. ಇಳಕಲ್ ಸೀರೆ ಉಟ್ಟ, ನನಗಿಂತ ಚೆಂದದ ಒಬ್ಬ ಮುದುಕಿ, ಕೈಯಲ್ಲಿ ಒಂದು ಹಿಡಿ ಸೊಪ್ಪು. ಮೇಲೆ "ನಮ್ಮ ಅಜ್ಜಿಯ ಕೈಯಿಂದ, ನೂರಕ್ಕೆ ನೂರು ನೈಸರ್ಗಿಕ ದವನ". ಒಂದು ಡಬ್ಬಿ ಕೊಂಡು ಗೌಡಸಾನಿಯವರ ಮನೆಗೆ ಹೋದೆ. ಅವರ ಭಟ್ಟಿ ಈಗಲೂ ನಡೆದಿದೆ. ಸಾಹೇಬರು ಪ್ರತಿ ಸುಗ್ಗಿಗೆ ಬಂದು ಎಣ್ಣೆ ಒಯ್ದು ತಮ್ಮ ಮನೆಯಲ್ಲೇ ಸ್ವಲ್ಪ ಸ್ವಲ್ಪ ಅತ್ತರು ಮಾಡುತ್ತಾರೆ. ಕೊಳ್ಳುವವರು ಕಡಿಮೆ. ಗೌಡಸಾನಿಯವರು ಕನ್ನಡಕ ಏರಿಸಿ ಡಬ್ಬಿಯ ಚಿತ್ರ ನೋಡಿದರು.

"ಆಕಿ ಕೈಯಾಗಿರೂದು ಸೇವಂತಿಗಿ ತಪ್ಪಲ" ಅಂದರು. "ಎದ್ದೇಳು, ಕಂಪ್ಲೇಂಟ್ ಕೊಡೂಣು."

ಧಾರವಾಡದಲ್ಲಿ ಇಂಥ ದೂರು ತೆಗೆದುಕೊಳ್ಳುವ ಕಚೇರಿಗೆ ಇಬ್ಬರೂ ಹೋದೆವು. ಅಧಿಕಾರಿ ಸಣ್ಣ ವಯಸ್ಸಿನವರು, ಮರ್ಯಾದಸ್ಥರು. ಕುರ್ಚಿ ಹಾಕಿಸಿದರು, ನಾನು ಬರೆದದ್ದನ್ನೆಲ್ಲ ಓದಿದರು.

"ಅಮ್ಮಾರ, ಇದನ್ನ ಹಚ್ಕೊಂಡು ಯಾರಿಗಾದ್ರೂ ತುರಿಕಿ, ಗುಳ್ಳಿ ಏನರೆ ಆಗೇದೇನು?"

"ನನಗ ಗೊತ್ತಿದ್ದಂಗ ಇಲ್ರಿ."

"ಮಂದಿ ಖುಷಿಲೆ ತಗೊಳ್ಳಾಕತ್ತಾರ. ಮತ್ತ ಇದರಾಗ ನಷ್ಟ ಯಾರಿಗ್ರಿ? ಅರ್ಜ್ಯಾಗ ಅದನ್ನ ಬರೀಬೇಕಾಗ್ತದ."

ನಾನು ಮಾದರಿ, ಗೆರೆ, ಸಹಿ ಎಂದು ಮೊದಲಿನಿಂದ ಹೇಳಲು ಶುರು ಮಾಡಿದೆ. ಗೌಡಸಾನಿಯವರು ತಮ್ಮ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದು ಅಧಿಕಾರಿಯ ಅಂಗೈಗೆ ಒಂದು ಹನಿ ಹಚ್ಚಿದರು. ಇನ್ನೊಂದು ಅಂಗೈಗೆ ಡಬ್ಬಿಯ ಕೊಲೋನ್ ಹಾಕಿದರು. "ಮೂಸಿ ಹೇಳಪಾ, ಯಾವುದು ದವನಾ?"

ಅವರು ಎರಡನ್ನೂ ಮೂಸಿದರು. ಕೊಲೋನಿನ ಕೈ ಮುಂದೆ ಮಾಡಿ ಇದು ಅಂದರು. ಆಮೇಲೆ ಇನ್ನೊಂದು ಕೈಯನ್ನು ಮತ್ತೆ ಮೂಸಿ, ಸಂಕೋಚದಿಂದ, "ಇದು ಡುಪ್ಲಿಕೇಟ್ ಅನಸ್ತದ್ರಿ" ಅಂದರು.

"ನೀ ಯಾವೂರಾಂವ?"

"ಇಲ್ಲೇ ಧಾರವಾಡದಾಂವ್ರಿ."

"ನಿಮ್ಮ ಮನ್ಯಾಗ ದೇವರಿಗೆ ದವನಾ ಏರಸ್ತಿರಲಿಲ್ಲೇನು?"

"ಸಣ್ಣಾಂವಿದ್ದಾಗ ಏರಸ್ತಿದ್ರು."

"ಮರ್ತಿ" ಅಂದರು ಗೌಡಸಾನಿಯವರು, ಬೈಗುಳದ ದನಿಯಲ್ಲಲ್ಲ. "ಇದನ್ನ ಬರಕೋ. ನಷ್ಟ ನಿನಗ ಆಗೇತಿ."

ಅಧಿಕಾರಿ ಕೈ ಕೆಳಗಿಳಿಸಲಿಲ್ಲ. ಸೀಸೆಯ ಹನಿ ಹಚ್ಚಿದ ಅಂಗೈಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು. ನಂತರ ನನ್ನ ಅರ್ಜಿಯನ್ನು ಎಳೆದುಕೊಂಡು ಮೊಹರು ಒತ್ತಿದರು.

ಕಂಪನಿಗೆ ನೋಟಿಸು ಹೋಗಿದೆಯಂತೆ. ಮುಂದೇನೂ ಆಗಿಲ್ಲ. ಪ್ರತಿ ಸೋಮವಾರ ನಾನು ಆ ಕಚೇರಿಗೆ ಹೋಗಿ ಕೇಳಿ ಬರುತ್ತೇನೆ. ಬಾಗಿಲಲ್ಲಿ ಕೂಡುವ ಜವಾನನಿಗೆ ನನ್ನ ಮುಖ ಬೇಸರವಾಗಿದೆ. ಆಗಲಿ. ಬರುವ ಸೋಮವಾರವೂ ಹೋಗುತ್ತೇನೆ.